ಗಿರಣಿ ದಾರಿಯ ಸಾಕ್ಷಿ

ಆ ಇಮೇಲು ಬಂದಾಗ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸ್ಯಾನ್ ರಮೋನ್‌ನ ನಮ್ಮ ಅಡುಗೆಮನೆಯಲ್ಲಿ ನಿಂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಫೋನು ಟಣ್ ಅಂದಿತು. ಕೈ ಒರೆಸಿಕೊಂಡು ನೋಡಿದರೆ ಗೊತ್ತಿಲ್ಲದ ಇಂಗ್ಲಿಷ್ ಹೆಸರು. ಮೊದಲ ಸಾಲೇ ಹೀಗಿತ್ತು: ‘ನೀವು ನಮ್ಮೂರಿನ ಚರ್ಚಿನ ಹಿಂದಿನ ಬೀದಿಯಲ್ಲಿ, ಕೊನೇ ಮನೆಯಲ್ಲಿದ್ದ ಡಾಕ್ಟರ ಹೆಂಡತಿಯೇ?’

ಆ ಬೀದಿ, ಆ ಕೊನೇ ಮನೆ ಈ ದೇಶದಲ್ಲಿ ನಮ್ಮ ಮೂವರನ್ನು ಬಿಟ್ಟು ಯಾರಿಗೂ ಗೊತ್ತಿರುವುದು ಸಾಧ್ಯವಿರಲಿಲ್ಲ. ಮಗಳು ಹುಟ್ಟಿದ ಹೊತ್ತಿನಲ್ಲಿ ನಾವು ಉತ್ತರ ಇಂಗ್ಲೆಂಡಿನ ಒಂದು ಚಿಕ್ಕ ಊರಿನಲ್ಲಿ ಕೆಲವು ವರ್ಷ ಇದ್ದೆವು. ನಮ್ಮೆಜಮಾನರು ಪಕ್ಕದ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರು. ಆಮೇಲೆ ಓಕ್ಲ್ಯಾಂಡ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದವರು ಇಲ್ಲೇ ನಿಂತೆವು. ಈಗ ಅವರು ರಿಟೈರು. ಆ ಊರಿನವರು ಯಾರೂ ನಮಗೆ ಒಂದು ಕ್ರಿಸ್ಮಸ್ ಕಾರ್ಡು ಕೂಡ ಕಳಿಸಿದವರಲ್ಲ.

ಯಜಮಾನರಿಗೆ ತೋರಿಸಿದೆ. ಉಡುಪಿ ಕಡೆಯವರು, ಇಷ್ಟು ವರ್ಷವಾದರೂ ಮಾತು ಬದಲಾಗಿಲ್ಲ.

“ಡಿಲೀಟ್ ಮಾಡು ಮಾರಾಯ್ತಿ. ಇದೆಲ್ಲ ಮೋಸದ ಜನ. ಮೊದಲು ನಿನ್ನ ಮನೆ ಗೊತ್ತುಂಟು ಅಂತಾರೆ, ಆಮೇಲೆ ನಿನ್ನ ಬ್ಯಾಂಕು ಗೊತ್ತುಂಟು ಅಂತಾರೆ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಭಜನೆ ಗುಂಪಿನ ಒಬ್ಬರಿಗೆ ಆ ವರ್ಷವೇ ಮೊಮ್ಮಗನ ದನಿಯಲ್ಲಿ ಫೋನು ಬಂದಿತ್ತು, ‘ಅಜ್ಜೀ, ನನ್ನನ್ನು ಪೊಲೀಸರು ಹಿಡಿದಿದ್ದಾರೆ’ ಅಂತ. ಮೊಮ್ಮಗ ಆ ಹೊತ್ತಿನಲ್ಲಿ ಅವರ ಮನೆಯ ಮಹಡಿಯಲ್ಲೇ ಮಲಗಿದ್ದ. ಅಂದಿನಿಂದ ನಾವೆಲ್ಲ ಗುರುತಿಲ್ಲದ ನಂಬರಿನ ಫೋನು ಎತ್ತುವುದನ್ನೇ ಬಿಟ್ಟಿದ್ದೆವು.

ಆದರೂ ನಾನು ಡಿಲೀಟ್ ಮಾಡಲಿಲ್ಲ. ಮೋಸ ಮಾಡುವವನಿಗೆ ಆ ಬೀದಿ ಚರ್ಚಿನ ಹಿಂದೆ ಇದೆ ಅನ್ನುವುದು ಯಾಕೆ ಬೇಕು? ಸಂಜೆ ಪಕ್ಕದ ಊರು ಡ್ಯಾನ್‌ವಿಲ್‌ನಲ್ಲಿರುವ ಮಗಳಿಗೆ ಫೋನು ಮಾಡಿದೆ. ಇಮೇಲು ಓದಿ ಹೇಳಿದೆ.

“ಓ ನೋ. ಅಮ್ಮಾ, ಇಟ್ಸ್ ನಾಟ್ ಎ ಸ್ಕ್ಯಾಮ್. ಇಟ್ ಮೈಟ್ ಬಿ ಮೈ ಫಾಲ್ಟ್.”

ಅವಳು ಆ ಊರಿನ ಹಳೇ ಫೋಟೋಗಳ ಒಂದು ಆನ್‌ಲೈನ್ ಗುಂಪಿಗೆ ಸೇರಿದ್ದಳಂತೆ. ಹುಟ್ಟಿದ ಊರಲ್ಲವೇ, ನೆನಪಿಲ್ಲದಿದ್ದರೂ ಕುತೂಹಲ. ನಮ್ಮ ಆಲ್ಬಮಿನ ಒಂದು ಫೋಟೋ ಹಾಕಿದ್ದಳು: ಸೀರೆಯ ಮೇಲೆ ಯಜಮಾನರ ಓವರ್‌ಕೋಟು ಹಾಕಿಕೊಂಡ ನಾನು, ನನ್ನ ಮುಂದೆ ಪ್ರ್ಯಾಮು ಅನ್ನುವ ಮಗುವಿನ ಗಾಡಿ, ಅದರೊಳಗೆ ಅವಳು. ಕಾಲ ಕೆಳಗೆ ಕಲ್ಲು ಚಪ್ಪಡಿಯ ಸಣ್ಣ ದಾರಿ, ಹಿಂದೆ ಉಣ್ಣೆ ಗಿರಣಿಯ ಚಿಮಣಿ. ಇವರು ಯಾರು, ಎಲ್ಲಿದ್ದರು ಅಂತ ಆ ಗುಂಪಿನಲ್ಲಿ ಯಾರೋ ಕೇಳಿದರು, ಇವಳು ಹೇಳಿದಳು. ನನ್ನ ಇಮೇಲ್ ವಿಳಾಸವನ್ನೂ ಕೊಟ್ಟಿದ್ದಳು.

“ನನ್ನನ್ನ ಕೇಳಬೇಕು ಅನ್ನಿಸಲಿಲ್ವಾ ನಿನಗೆ?” ಅಂದೆ.

“ಶೀ ಸೌಂಡೆಡ್ ನೈಸ್, ಅಮ್ಮ.”

ನೈಸಾಗಿ ಮಾತಾಡುವವರ ಮೇಲೇ ನನಗೆ ಮೊದಲಿಂದಲೂ ಅನುಮಾನ ಹೆಚ್ಚು.

ಇಮೇಲು ಬರೆದಾಕೆ ರಿಟೈರಾದ ಸ್ಕೂಲ್ ಟೀಚರು. ಊರಿನ ಇತಿಹಾಸ ಸಂಗ್ರಹಿಸುವ ಒಂದು ಸಣ್ಣ ಸಂಘ ನಡೆಸುತ್ತಿದ್ದರು. ವಿಡಿಯೋ ಕಾಲಿನಲ್ಲಿ ಮಾತಾಡಿದೆವು. ಇಲ್ಲಿ ಬೆಳಗಿನ ತಿಂಡಿ ಮುಗಿದಿತ್ತು, ಅಲ್ಲಿ ಕತ್ತಲಾಗಿತ್ತು. ಬಿಳಿ ಕೂದಲು, ಕೆಂಪು ಸ್ವೆಟರು, ಹಿಂದೆ ಪುಸ್ತಕದ ಕಪಾಟು. ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು. ಯಜಮಾನರು ಕ್ಯಾಮೆರಾಕ್ಕೆ ಕಾಣದ ಹಾಗೆ ಬಾಗಿಲಲ್ಲಿ ನಿಂತು, ಬ್ಯಾಂಕಿನ ಮಾತು ಬಂದ ತಕ್ಷಣ ಕಾಲ್ ಕಟ್ ಮಾಡಲು ಸಿದ್ಧರಾಗಿದ್ದರು.

ಬ್ಯಾಂಕಿನ ಮಾತು ಬರಲಿಲ್ಲ. ಟೀಚರಮ್ಮ ಫೋಟೋದಲ್ಲಿದ್ದ ದಾರಿಯ ಕಥೆ ಹೇಳಿದರು. ನಾವದನ್ನು ಬರೀ ಶಾರ್ಟ್‌ಕಟ್ ಅನ್ನುತ್ತಿದ್ದೆವು. ಊರವರ ಬಾಯಲ್ಲಿ ಅದು ‘ಗಿರಣಿ ದಾರಿ’. ಗಿರಣಿ ಓಡುತ್ತಿದ್ದ ಕಾಲದಲ್ಲಿ ಗುಡ್ಡದ ಮೇಲಿನ ಮನೆಗಳಿಂದ ಹೆಂಗಸರು ಮಕ್ಕಳು ಎಲ್ಲ ಬೆಳಗಿನ ಕತ್ತಲಲ್ಲೇ ಒಬ್ಬ ರೈತರ ಹೊಲದೊಳಗಿಂದ ಇಳಿದು ಹೋಗುತ್ತಿದ್ದರಂತೆ, ಕಾಲಿಗೆ ಮರದ ಅಟ್ಟೆಯ ಬೂಟು ಹಾಕಿಕೊಂಡು. ಚಪ್ಪಡಿಗಳ ನಡುಮಧ್ಯ ಸವೆದು ತಟ್ಟೆಯ ಹಾಗೆ ತಗ್ಗಾಗಿದ್ದು ಆ ಬೂಟುಗಳಿಂದ. ಮಳೆ ಬಂದಾಗ ಆ ತಗ್ಗಿನಲ್ಲಿ ನೀರು ನಿಂತು ಪ್ರ್ಯಾಮಿನ ಚಕ್ರ ಜಾರುತ್ತಿದ್ದದ್ದು ನನಗೆ ನೆನಪಾಯಿತು. ಹೇಳಿದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಕೇಳಿದರು, “ಆ ದಾರೀಲಿ ನಿಮ್ಮನ್ನ ಯಾರಾದರೂ ತಡೆದಿದ್ದರಾ?”

“ಇಲ್ಲ.”

ಸ್ವಲ್ಪ ಹೊತ್ತು ಸಂತೆಯ ಬಗ್ಗೆ ಮಾತಾಡಿ, ಮತ್ತೆ: “ಹೋಗಬಹುದು ಅಂತ ಯಾರಾದರೂ ಒಪ್ಪಿಗೆ ಕೊಟ್ಟಿದ್ದರಾ?”

“ಒಪ್ಪಿಗೆಯಾ? ಯಾಕೆ?”

“ಸುಮ್ಮನೆ ಕೇಳಿದೆ.”

ಮಾತು ಮುಗಿಸುವ ಮುಂಚೆ ಇನ್ನೊಂದು ಸಲ: “ಹಾಗಾದರೆ, ಯಾರನ್ನೂ ಕೇಳದೆ, ಎಲ್ಲರ ಹಾಗೇ ನಡೆದಿರಿ. ಅಲ್ಲವೇ?”

ಸ್ಕ್ರೀನು ಆರಿದ ಮೇಲೆ ನಾನು ಮಗಳಿಗೆ ಹೇಳಿದೆ, “ಈಕೆಗೆ ಬೇಕಾಗಿದ್ದು ಇತಿಹಾಸ ಅಲ್ಲ ಕಣೇ. ಒಂದೇ ಪ್ರಶ್ನೇನ ಮೂರು ಬಟ್ಟೆ ತೊಡಿಸಿ ಕೇಳಿದರು.”

“ಶಿ ವಾಸ್ ಎ ಟೀಚರ್, ಅಮ್ಮ. ಟೀಚರ್ಸ್ ರಿಪೀಟ್ ಥಿಂಗ್ಸ್.”

ಅದಾಗಿ ಕೆಲವು ದಿನಕ್ಕೆ ಇನ್ನೊಂದು ಇಮೇಲು ಬಂತು. ಈ ಸಲ ಒಬ್ಬ ಗಂಡಸಿನದು. ಆ ಹೊಲ ಇದ್ದ ರೈತ ಕುಟುಂಬದ ಚರಿತ್ರೆ ಬರೆಯುತ್ತಿದ್ದಾನಂತೆ. ಕೆಲಸದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಬರುವವನಿದ್ದಾನೆ, ಅರ್ಧ ಗಂಟೆ ಭೇಟಿಯಾಗಬಹುದೇ ಅಂತ ಕೇಳಿದ್ದ. ಅಷ್ಟು ವರ್ಷ ಯಾರಿಗೂ ಬೇಡವಾಗಿದ್ದ ನಾನು ಒಂದೇ ತಿಂಗಳಲ್ಲಿ ಇಬ್ಬರು ಇತಿಹಾಸಕಾರರಿಗೆ ಬೇಕಾಗಿಬಿಟ್ಟಿದ್ದೆ!

ಟೀಚರಮ್ಮನಿಗೆ ಬರೆದು ಈತ ಗೊತ್ತೇ ಅಂತ ಕೇಳಿದೆ. ‘ಗೊತ್ತು. ದಯವಿಟ್ಟು ಎಚ್ಚರವಾಗಿರಿ’ ಅಂತ ಒಂದೇ ಸಾಲು ಉತ್ತರ ಬಂತು. ಯಾತಕ್ಕೆ ಎಚ್ಚರ ಅಂತ ಬರೆದಿರಲಿಲ್ಲ.

ಮನೆಗೆ ಕರೆಯುವುದು ಬೇಡ ಅಂತ ಯಜಮಾನರು ಹಟ ಹಿಡಿದರು. ಡ್ಯಾನ್‌ವಿಲ್‌ನಲ್ಲಿ ಮಗಳ ಅಪಾರ್ಟ್‌ಮೆಂಟಿನ ಹತ್ತಿರದ ಒಂದು ಕಾಫಿ ಅಂಗಡಿಯಲ್ಲಿ ಮಧ್ಯಾಹ್ನ ಸೇರುವುದೆಂದಾಯಿತು. ಯಜಮಾನರು ಬೇರೆ ಟೇಬಲ್ಲಿನಲ್ಲಿ ಪೇಪರು ಹಿಡಿದು ಕೂತರು. ಪೇಪರು ಅಷ್ಟು ಎತ್ತರಕ್ಕೆ ಹಿಡಿದು ಓದುವವರು ಯಾರೂ ಇಲ್ಲ ಅಂತ ಹೇಳಿದರೂ ಕೇಳಲಿಲ್ಲ.

ಬಂದವನಿಗೆ ನಲವತ್ತರ ಆಸುಪಾಸು. ಬಿಸಿಲಿಗೆ ಮೂಗು ಕೆಂಪಾಗಿತ್ತು. ಟ್ರೇನಿನಲ್ಲಿ ಓಕ್ಲ್ಯಾಂಡ್ ದಾಟಿ ಬಂದು, ಅಲ್ಲಿಂದ ಟ್ಯಾಕ್ಸಿ ಹಿಡಿದು ಬಂದನಂತೆ. ಊರಿನ ಬಿಸ್ಕತ್ತಿನ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಕೊಟ್ಟ. ಮಾತು ಮೆತ್ತಗೆ. ಊರು ಈಗ ಹೇಗಾಗಿದೆ ಅಂತ ಹೇಳಿದ: ಗಿರಣಿಯನ್ನು ಫ್ಲ್ಯಾಟುಗಳಾಗಿ ಮಾಡಿದ್ದಾರೆ, ಸಂತೆ ಕಟ್ಟೆಯಲ್ಲಿ ಕಾರು ನಿಲ್ಲಿಸುತ್ತಾರೆ, ಟೌನ್ ಹಾಲಿನ ಗಡಿಯಾರ ಮಾತ್ರ ಈಗಲೂ ಹಿಂದೆಯೇ ಓಡುತ್ತದೆ. ನನಗೆ ನಗು ಬಂತು. ನಾವಿದ್ದಾಗಲೂ ಅದು ಹಿಂದೆಯೇ ಓಡುತ್ತಿತ್ತು.

“ಆ ಮುದುಕ ರೈತ ನಿಮಗೆ ನೆನಪಿದ್ದಾರಾ?” ಅಂದ.

“ಇದ್ದಾರೆ. ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಒಂದು ಕಪ್ಪು ಬಿಳಿ ನಾಯಿ.”

“ಒಳ್ಳೆಯವರಾಗಿದ್ದರು, ಅಲ್ಲವಾ? ಯಾರು ಬಂದರೂ ನಡೆದುಕೊಂಡು ಹೋಗಿ ಅನ್ನುತ್ತಿದ್ದರು. ಅಜ್ಜನ ಸ್ವಭಾವವೇ ಹಾಗೆ.”

ನಾನು ಕಪ್ಪು ಕೆಳಗಿಟ್ಟೆ. “ಯಾರ ಅಜ್ಜ?”

ಮೂಗಿನ ಕೆಂಪು ಕಿವಿಗೂ ಹರಡಿತು. “ನಮ್ಮಜ್ಜ. ಮೊದಲೇ ಹೇಳಬೇಕಿತ್ತು.”

“ಹೌದು. ಹೇಳಬೇಕಿತ್ತು.”

ಪಕ್ಕದ ಟೇಬಲ್ಲಿನ ಪೇಪರು ಸ್ವಲ್ಪ ಕೆಳಗಿಳಿಯಿತು. ಅವನು ಫೋನು ತೆಗೆದು ನನ್ನದೇ ಫೋಟೋ ತೋರಿಸಿದ. ಕೆಳಗೆ ಮಗಳು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಿದ್ದಳು. ಫೋಟೋ ಹಾಕಿದ ಸುದ್ದಿ ಗೊತ್ತಿತ್ತು, ಈ ಸಾಲುಗಳನ್ನು ನಾನು ಓದಿರಲಿಲ್ಲ: ‘ಇದು ನನ್ನ ಅಮ್ಮ. ಈ ಹೊಲದ ರೈತರು ಅಮ್ಮನಿಗೆ, ನಿನಗೆ ಬೇಕಾದಾಗಲೆಲ್ಲ ಇಲ್ಲಿ ನಡೆಯಮ್ಮ ಅಂತ ಹೇಳಿದ್ದರಂತೆ.’

“ಇದು ನಿಜ ಅಂತ ನೀವು ಹೇಳಿದರೆ ಸಾಕು,” ಅಂದ.

“ಹೇಳಿದರೆ ಏನಾಗುತ್ತೆ?”

ಅವನು ವಿಷಯ ಬಿಡಿಸಿ ಹೇಳಿದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ, ಅದನ್ನು ಮಾತ್ರ ಒಪ್ಪಬೇಕು. ಅವರ ದೇಶದ ಕಾನೂನಿನಲ್ಲಿ ಜನ ಯಾರ ಒಪ್ಪಿಗೆಯನ್ನೂ ಕೇಳದೆ, ಯಾರೂ ತಡೆಯದೆ, ಇಪ್ಪತ್ತು ವರ್ಷ ಒಂದು ದಾರಿಯಲ್ಲಿ ನಡೆದರೆ ಅದು ಊರಿನ ದಾರಿಯಾಗುತ್ತದಂತೆ. ಹೊಲದ ಒಡೆಯ ‘ಬೇಕಾದರೆ ನಡೀರಿ’ ಅಂತ ಒಪ್ಪಿಗೆ ಕೊಟ್ಟಿದ್ದರೆ ಆಗುವುದಿಲ್ಲ. ಒಪ್ಪಿಗೆ ಕೊಟ್ಟವನು ಒಪ್ಪಿಗೆ ವಾಪಸು ತೆಗೆದುಕೊಳ್ಳಬಹುದು. ಗಿರಣಿ ಫ್ಲ್ಯಾಟಾದ ಮೇಲೆ ಅವರ ಮನೆಯವರು ಗೇಟಿಗೆ ಬೀಗ ಹಾಕಿದ್ದರು. ಟೀಚರಮ್ಮನ ಸಂಘದವರು ಅದರ ವಿರುದ್ಧ ಅರ್ಜಿ ಹಾಕಿದ್ದರು.

“ಹೊಲದಲ್ಲಿ ಮನೆ ಕಟ್ಟಿಸ್ತೀರಾ?” ಅಂತ ನೇರವಾಗಿ ಕೇಳಿದೆ.

“ಇಲ್ಲ. ಅಮ್ಮ ಒಬ್ಬಳೇ ಕುರಿ ಸಾಕುತ್ತಾಳೆ. ಫ್ಲ್ಯಾಟಿನವರು ನಾಯಿ ಬಿಡುತ್ತಾರೆ. ಹೋದ ವಸಂತದಲ್ಲಿ ಗಬ್ಬದ ಕುರಿಗಳನ್ನು ನಾಯಿಗಳು ಅಟ್ಟಿ ಕೊಂದವು. ಅವಳು ಹೊರಗೆ ಹೋಗಿ ಬೈದರೆ, ಇದು ಊರಿನ ದಾರಿ ಅಂತ ಅವಳಿಗೇ ಪಾಠ ಹೇಳುತ್ತಾರೆ.”

ನಿಜವಿರಬಹುದು. ಇಲ್ಲದೆಯೂ ಇರಬಹುದು. ಸತ್ತ ಕುರಿಯನ್ನು ಕಣ್ಣಾರೆ ಕಂಡವನ ಹಾಗೆ ಹೇಳಿದ. ಆದರೆ ಮೊದಲ ಇಮೇಲಿನಲ್ಲೇ ತಾನು ಯಾರು ಅನ್ನುವುದನ್ನು ಮುಚ್ಚಿಟ್ಟವನ ಮಾತನ್ನು ಎಷ್ಟು ನಂಬುವುದು? ಟೀಚರಮ್ಮ ಮಾತ್ರ ಏನು, ಅರ್ಜಿಯ ವಿಷಯವನ್ನೇ ಎತ್ತದೆ ಮರದ ಬೂಟಿನ ಕಥೆ ಹೇಳಿ ನನ್ನ ಮನಸ್ಸು ಕರಗಿಸಿದ್ದರು. ಇಬ್ಬರೂ ಅರ್ಧ ಅರ್ಧ ಹೇಳಿದ್ದರು.

ಯೋಚನೆ ಮಾಡಿ ಬರೆಯುತ್ತೇನೆ ಅಂತ ಎದ್ದೆ. ಬಿಸ್ಕತ್ತಿನ ಡಬ್ಬಿ ವಾಪಸು ಕೊಡುವುದೋ ಇಟ್ಟುಕೊಳ್ಳುವುದೋ ತಿಳಿಯದೆ ಟೇಬಲ್ಲಿನ ಮೇಲೆಯೇ ಬಿಟ್ಟೆ. ಯಜಮಾನರು ಹಿಂದೆಯೇ ಬಂದವರು ಅದನ್ನು ಎತ್ತಿಕೊಂಡು ಬಂದಿದ್ದರು!

ರಾದ್ಧಾಂತ ಆದದ್ದು ಮನೆಗೆ ಬಂದ ಮೇಲೆ. ಮಗಳೂ ಬಂದಿದ್ದಳು.

“ಆ ಸಾಲು ನೀನು ಎಲ್ಲಿಂದ ತಂದೆ?” ಅಂತ ಅವಳನ್ನು ಕೇಳಿದೆ.

“ಅಪ್ಪಾ ಟೆಲ್ಸ್ ಇಟ್ ಆಲ್ ದ ಟೈಮ್! ಎವ್ವೆರಿ ಪಾಟ್‌ಲಕ್!”

ಅದು ಹೌದು. ಎಲ್ಲರೂ ಒಂದೊಂದು ಅಡುಗೆ ತರುವ ಯುಗಾದಿ ಊಟವಿರಲಿ, ಯಾರದೋ ಮನೆಯ ಗೃಹಪ್ರವೇಶವಿರಲಿ, ಇಂಗ್ಲೆಂಡಿನ ಮಾತು ಬಂದರೆ ನಮ್ಮೆಜಮಾನರು ಎದ್ದು ನಿಲ್ಲುತ್ತಾರೆ. ಕೈಯನ್ನು ಗೇಟಿನ ಮೇಲೆ ಇಟ್ಟ ಹಾಗೆ ಇಟ್ಟು, ಗಂಟಲು ದಪ್ಪ ಮಾಡಿಕೊಂಡು, ಆ ಕಡೆಯ ರೈತರ ಇಂಗ್ಲಿಷಿನಲ್ಲಿ, “ಯೂ ವಾಕ್ ವೇರ್ ಯೂ ಲೈಕ್, ಲವ್!” ಅನ್ನುತ್ತಾರೆ. ಜನ ನಗುತ್ತಾರೆ. ಎಷ್ಟು ಒಳ್ಳೇ ಮುದುಕ ಅನ್ನುತ್ತಾರೆ. ನಾನೂ ಪಕ್ಕದಲ್ಲಿ ಕೂತು ನಕ್ಕಿದ್ದೇನೆ.

“ನೀವು ಅವತ್ತು ಅಲ್ಲಿ ಇದ್ರಾ?” ಅಂತ ಯಜಮಾನರನ್ನು ಕೇಳಿದೆ.

“ಎಂಥದು?”

“ಅವತ್ತು, ಗೇಟಿನ ಹತ್ತಿರ, ನೀವು ಇದ್ರಾ?”

“ನಾನು ಡ್ಯೂಟಿಯಲ್ಲಿದ್ದೆ. ನೀನೇ ಹೇಳಿದ್ದಲ್ವಾ?”

“ನಾನು ಹಾಗೆ ಹೇಳಿಲ್ಲ.”

“ಮತ್ತೆ ಹೇಗೆ ಹೇಳಿದ್ದು?”

ಅವರ ಕಥೆಯನ್ನು ಎಷ್ಟು ಸಲ ಕೇಳಿದ್ದೆನೆಂದರೆ, ಕಣ್ಣು ಮುಚ್ಚಿದರೆ ಆ ರೈತರಿಗೂ ನಮ್ಮೆಜಮಾನರ ದಪ್ಪ ಗಂಟಲೇ ಬರುತ್ತಿತ್ತು. ಯಾವುದು ನಾನು ಕಂಡದ್ದು, ಯಾವುದು ಪಾಟ್‌ಲಕ್ಕಿನಲ್ಲಿ ಸೇರಿದ್ದು? ಟೀಚರಮ್ಮನನ್ನೂ ಆ ರೈತರ ಮೊಮ್ಮಗನನ್ನೂ ಅನುಮಾನಿಸುತ್ತಿದ್ದವಳು ನನ್ನ ತಲೆಯನ್ನೇ ಅನುಮಾನಿಸಬೇಕಾಯಿತು.

ಮಾರನೇ ದಿನ ಒಬ್ಬಳೇ ವಾಕಿಂಗ್ ಹೋದೆ. ನಮ್ಮ ಮನೆಯ ಹಿಂದೆ ಹಳೇ ರೈಲು ಹಳಿ ಕಿತ್ತು ಮಾಡಿದ ನಡಿಗೆ ದಾರಿಯಿದೆ, ಡ್ಯಾನ್‌ವಿಲ್ ಕಡೆಗೆ ನೇರ ಹೋಗುತ್ತದೆ. ಎದುರಿಗೆ ಬಂದವರು ಹಾಯ್ ಅಂದರು, ನಾನೂ ಹಾಯ್ ಅಂದೆ. ನಡೆಯುತ್ತಾ ಆ ದಿನವನ್ನು ಮೊದಲಿನಿಂದ ಜೋಡಿಸಿಕೊಳ್ಳಲು ನೋಡಿದೆ. ಕೇಳಿದ ಮಾತನ್ನೆಲ್ಲ ಪಕ್ಕಕ್ಕಿಟ್ಟು, ಮೈಗೆ ನೆನಪಿರುವುದನ್ನು ಮಾತ್ರ.

ಚಳಿ. ನಾವು ಆ ಮನೆಗೆ ಬಂದ ಮೊದಲ ಚಳಿಗಾಲ. ದೊಡ್ಡ ರಸ್ತೆಯಲ್ಲಿ ಹೋದರೆ ಇಳಿಜಾರು, ಮಂಜುಗಡ್ಡೆ, ಪ್ರ್ಯಾಮು ಕೈ ಜಾರುತ್ತಿತ್ತು. ಎದುರು ಮನೆಯ ಹೆಂಗಸು ಮಗುವಿನ ಗಾಡಿ ತಳ್ಳಿಕೊಂಡು ಹೊಲದ ಗೇಟಿನೊಳಗೆ ಹೋಗುವುದನ್ನು ಕಿಟಕಿಯಿಂದ ನೋಡಿದ್ದೆ. ಒಂದು ದಿನ ಹಾಲು ಮುಗಿದಿತ್ತು, ನಾನೂ ಹಾಗೇ ಹೊರಟೆ. ಗೇಟು ತೆಗೆದು ಒಳಗೆ ಕಾಲಿಟ್ಟ ಮೇಲೆ ಕಂಡಿತು, ಗೋಡೆಯ ಪಕ್ಕ ಒಬ್ಬ ಮುದುಕರು ನಿಂತಿದ್ದಾರೆ. ಟೋಪಿ. ನಾಯಿ. ಅವರು ನನ್ನನ್ನು, ನನ್ನ ಸೀರೆಯ ಅಂಚನ್ನು, ಪ್ರ್ಯಾಮನ್ನು ನೋಡಿದರು. ಏನೋ ಅಂದರು. ಮೈಸೂರಿನ ಕಾನ್ವೆಂಟಿನಲ್ಲಿ ಕಲಿತ ನನ್ನ ಇಂಗ್ಲಿಷಿಗೆ ಅದರಲ್ಲಿ ಒಂದು ಪದವೂ ಸಿಗಲಿಲ್ಲ. ಕೊನೆಯಲ್ಲಿ ‘ಲವ್’ ಅನ್ನುವುದು ಮಾತ್ರ ಕೇಳಿಸಿತು. ಅದು ಆ ಊರಿನಲ್ಲಿ ಅಂಗಡಿಯವನಿಂದ ಬಸ್ ಕಂಡಕ್ಟರಿನವರೆಗೆ ಎಲ್ಲರೂ ಎಲ್ಲರಿಗೂ ಅನ್ನುವ ಪದ.

ನಾನು “ಯೆಸ್, ಥ್ಯಾಂಕ್ಯೂ” ಅಂದೆ. ಯಾತಕ್ಕೆ ಥ್ಯಾಂಕ್ಯೂ ಅಂತ ನನಗೇ ಗೊತ್ತಿರಲಿಲ್ಲ. ತಲೆ ತಗ್ಗಿಸಿ ಪ್ರ್ಯಾಮು ತಳ್ಳಿದೆ. ಬೆನ್ನಿನ ಮೇಲೆ ಅವರ ಕಣ್ಣು ಇದ್ದದ್ದು ಚೆನ್ನಾಗಿ ನೆನಪಿದೆ. ಕಳ್ಳಿ ಅಂದುಕೊಂಡಿದ್ದಾರೆ, ಈಗ ಕೂಗುತ್ತಾರೆ, ನಾಯಿ ಬಿಡುತ್ತಾರೆ ಅಂತ ಗಿರಣಿಯ ಗೋಡೆ ಬರುವ ತನಕ ಉಸಿರು ಬಿಗಿಹಿಡಿದಿದ್ದೆ. ನಾಯಿ ಬರಲಿಲ್ಲ. ಮಾರನೇ ದಿನ ಮತ್ತೆ ಹೋದೆ, ಯಾಕೆಂದರೆ ಬೇರೆ ದಾರಿಯಲ್ಲಿ ಬೀಳುವ ಭಯ ಇದಕ್ಕಿಂತ ದೊಡ್ಡದಾಗಿತ್ತು. ಆ ಚಳಿಗಾಲ ಪೂರ್ತಿ, ಗೇಟು ತೆಗೆಯುವ ಮುಂಚೆ ಗೋಡೆಯ ಆಚೆ ಟೋಪಿ ಕಾಣುತ್ತದಾ ಅಂತ ಇಣುಕಿ ನೋಡುತ್ತಿದ್ದೆ.

ಇನ್ನೊಂದು ಸಂಗತಿಯೂ ಇದೆ. ಹಿಮ ಕರಗುವ ಹೊತ್ತಿನಲ್ಲಿ ಗೇಟಿನ ಬಾಯಲ್ಲಿ ಕೆಸರಾಗಿ ಪ್ರ್ಯಾಮು ಹೂತುಕೊಂಡಿತು, ಎಳೆಯುವುದರೊಳಗೆ ಸಾಕುಸಾಕಾಯಿತು. ಮುಂದಿನ ವಾರ ಹೋದಾಗ ಅಲ್ಲಿ ಯಾರೋ ಒಲೆಯ ಬೂದಿ, ಇದ್ದಿಲ ಚೂರು ಹರಡಿ ನೆಲ ಗಟ್ಟಿ ಮಾಡಿದ್ದರು. ಯಾರು ಅಂತ ನಾನು ನೋಡಲಿಲ್ಲ. ಯಾರನ್ನೂ ಕೇಳಲಿಲ್ಲ.

ಮನೆಗೆ ಬಂದು ಯಜಮಾನರಿಗೆ ಇಷ್ಟನ್ನೂ ಹೇಳಿದೆ.

“ಅವತ್ತು ನೀನು ನನಗೆ ಹೆದರಿಕೆ ಅಂತ ಹೇಳಲೇ ಇಲ್ಲ,” ಅಂದರು. “ಅಜ್ಜ ಒಬ್ಬರು ಸಿಕ್ಕಿದ್ರು, ಏನೋ ಅಂದ್ರು, ಪಾಪ, ಅಂತ ಹೇಳಿದ್ದು.”

ಹಾಗೆ ಹೇಳಿರಬೇಕು. ಅವರು ಎರಡು ಪಾಳಿ ಡ್ಯೂಟಿ ಮುಗಿಸಿ ಬರುತ್ತಿದ್ದ ದಿನಗಳು. ನನಗೆ ಹೆದರಿಕೆಯಾಗುತ್ತದೆ ಅಂದರೆ ಅವರು ಏನು ಮಾಡಬೇಕಿತ್ತು?

ಟೀಚರಮ್ಮನಿಗೂ ಮೊಮ್ಮಗನಿಗೂ ಒಂದೇ ಇಮೇಲು ಬರೆದೆ, ಇಬ್ಬರ ವಿಳಾಸವೂ ಇಬ್ಬರಿಗೂ ಕಾಣುವ ಹಾಗೆ. ನಿಮ್ಮಲ್ಲಿ ಯಾರ ಪರವಾಗಿಯೂ ನಾನು ಹೇಳುವುದಿಲ್ಲ, ನನಗೆ ನೆನಪಿರುವುದನ್ನು ಅರ್ಜಿಯ ವಿಚಾರಣೆ ಮಾಡುವವರಿಗೇ ಹೇಳುತ್ತೇನೆ, ಅಲ್ಲೇ ಕೇಳಿಸಿಕೊಳ್ಳಿ ಅಂತ. ಇಬ್ಬರಿಗೂ ಇದು ಹಿಡಿಸಲಿಲ್ಲ ಅಂತ ಅವರ ಉತ್ತರದ ವಿನಯದಲ್ಲೇ ಗೊತ್ತಾಯಿತು.

ವಿಚಾರಣೆ ಆ ಊರಿನ ಟೌನ್ ಹಾಲಿನಲ್ಲಿ ನಡೆಯಿತು. ನನ್ನ ಸರದಿ ಅವರ ಮಧ್ಯಾಹ್ನಕ್ಕೆ ಇಟ್ಟಿದ್ದರು, ನಮಗೆ ಬೆಳಗಿನ ಏಳು ಗಂಟೆ. ಮಗಳು ತನ್ನ ಲ್ಯಾಪ್‌ಟಾಪು ತಂದು ಊಟದ ಟೇಬಲ್ಲಿನ ಮೇಲೆ ಇಟ್ಟಳು. ನಾನು ಸೀರೆ ಉಟ್ಟಿದ್ದೆ. ಆ ಫೋಟೋದವಳು ನಾನೇ ಹೌದೋ ಅಲ್ಲವೋ ಅಂತ ಅವರಿಗೆ ಅನುಮಾನ ಬರಬಾರದಲ್ಲ. ಸ್ಕ್ರೀನಿನಲ್ಲಿ ಮೇಜಿನ ಹಿಂದೆ ವಿಚಾರಣಾಧಿಕಾರಿ, ಎರಡು ಕಡೆ ಇಬ್ಬರು ವಕೀಲರು. ಹಿಂದಿನ ಸಾಲಿನಲ್ಲಿ ಕೆಂಪು ಸ್ವೆಟರಿನ ಟೀಚರಮ್ಮ. ಇನ್ನೊಂದು ಕಡೆ ಮೊಮ್ಮಗ, ಅವನ ಪಕ್ಕ ಒರಟು ಕೈಯ ಒಬ್ಬ ಹೆಂಗಸು. ಅವಳೇ ತಾಯಿ ಇರಬೇಕು. ಅವಳು ಕ್ಯಾಮೆರಾದ ಕಡೆ ನೋಡಲೇ ಇಲ್ಲ.

ಕುಟುಂಬದ ಪರ ವಕೀಲ ಮೊದಲು ಎದ್ದ. ಫೋಟೋದ ಕೆಳಗಿನ ಸಾಲು ಓದಿದ. ಅದು ನನ್ನ ಮಾತಲ್ಲ, ಮನೆಯಲ್ಲಿ ಹೇಳುತ್ತಾ ಹೇಳುತ್ತಾ ಬೆಳೆದ ಮಾತು ಅಂದೆ. ಮುದುಕರು ಏನೋ ಅಂದದ್ದು, ನಾನು ಥ್ಯಾಂಕ್ಯೂ ಅಂದದ್ದು, ಅಷ್ಟನ್ನು ಹೇಳಿದೆ. ಬಾಗಿಲಲ್ಲಿ ನಿಂತಿದ್ದ ನಮ್ಮೆಜಮಾನರು ಅಡುಗೆಮನೆಗೆ ಹೋಗಿಬಿಟ್ಟರು.

“ಆಗ ನಿಮಗೆ ನಮ್ಮ ಕಡೆಯ ಮಾತು ಪೂರ್ತಿ ಅರ್ಥವಾಗುತ್ತಿತ್ತೇ, ಮೇಡಂ?”

“ಇಲ್ಲ.”

“ಅವರು ಆಡಿದ್ದರಲ್ಲಿ ಎಷ್ಟು ಅರ್ಥವಾಯಿತು?”

“ಒಂದು ಪದ.”

ಹಾಲಿನಲ್ಲಿ ಯಾರೋ ನಕ್ಕರು. ಮಗಳ ಕೈ ಟೇಬಲ್ಲಿನ ಕೆಳಗೆ ನನ್ನ ಮೊಣಕಾಲನ್ನು ಹಿಡಿಯಿತು.

“ಹಾಗಾದರೆ ಅವರು ನಿಮಗೆ ಧಾರಾಳವಾಗಿ ಒಪ್ಪಿಗೆ ಕೊಟ್ಟಿದ್ದರೂ ನಿಮಗೆ ತಿಳಿಯದೇ ಹೋಗಿರಬಹುದು.”

“ಇರಬಹುದು.”

“ನೀವು ಥ್ಯಾಂಕ್ಯೂ ಅಂದಿರಿ. ಏನನ್ನೂ ಕೊಡದವರಿಗೆ ಯಾರೂ ಥ್ಯಾಂಕ್ಯೂ ಅನ್ನುವುದಿಲ್ಲ.”

“ಹೆದರಿದವರು ಅನ್ನುತ್ತಾರೆ,” ಅಂದೆ.

ಅವನು ಕೂತ. ಸಂಘದ ಪರ ವಕೀಲೆ ಎದ್ದರು, ಚಿಕ್ಕ ವಯಸ್ಸಿನ ಹೆಂಗಸು. ಯಾಕೆ ಹೆದರಿಕೆ ಅಂತ ಕೇಳಿದರು. ಆ ಮಾತನ್ನು ನಾನು ಮೊದಲ ಸಲ ಹೊರಗಿನವರ ಮುಂದೆ ಹೇಳಿದೆ. ಅವರು ನನ್ನನ್ನು ಕಳ್ಳಿ ಅಂದುಕೊಂಡಿದ್ದಾರೆ ಅನ್ನಿಸಿತು, ಒಪ್ಪಿಗೆ ಇದೆ ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ, ಎದುರು ಮನೆಯವರು ಹೋಗುತ್ತಿದ್ದರು ಅಂತ ನಾನೂ ಹೋದೆ, ಅಷ್ಟೇ. ಬೂದಿಯ ವಿಷಯವನ್ನೂ ಹೇಳಿದೆ. ಅದನ್ನು ಹರಡಿದ್ದು ಹೊಲದವರು ಅಂತ ಒಬ್ಬ ವಕೀಲ, ಬೀದಿಯವರು ಅಂತ ಆ ವಕೀಲೆ ನನ್ನ ಬಾಯಲ್ಲಿ ಹೇಳಿಸಲು ನೋಡಿದರು. ನಾನು ನೋಡಲಿಲ್ಲ, ನೋಡಲಿಲ್ಲ, ನೋಡಲಿಲ್ಲ ಅಂದೆ.

ಆಗ ಆ ತಾಯಿ ತಲೆಯೆತ್ತಿದಳು. ಮೈಕಿಲ್ಲದೆಯೇ ಏನೋ ಅಂದಳು. ಅಧಿಕಾರಿ ಸುಮ್ಮನಿರಲು ಹೇಳುವ ಮುಂಚೆ ನನಗೆ ಕೇಳಿಸಿತು, ಈ ಸಲ ಪೂರ್ತಿ ಅರ್ಥವೂ ಆಯಿತು: “ನಮ್ಮಪ್ಪ ಎಲ್ಲರನ್ನೂ ಹಾಗೇ ನೋಡ್ತಿದ್ದರು. ಕಣ್ಣು ಸರಿ ಕಾಣ್ತಿರಲಿಲ್ಲ.”

ಅವಳು ಹೇಳಿದ್ದು ನಿಜವೋ, ಆ ಹೊತ್ತಿಗೆ ಹೊಳೆದದ್ದೋ ನನಗೆ ಗೊತ್ತಿಲ್ಲ. ನನ್ನ ಭಾಗ ಮುಗಿಯಿತು, ಸ್ಕ್ರೀನು ಆರಿತು. ನಾನು ಆ ದಿನವೆಲ್ಲ ಅದನ್ನೇ ಯೋಚಿಸಿದೆ. ಸರಿಯಾಗಿ ಕಾಣದ ಕಣ್ಣಿಗೆ ನಾನು ಆ ಚಳಿಗಾಲ ಪೂರ್ತಿ ಹೆದರಿದ್ದೆನೇ? ಅವರು ಅವತ್ತು ಯಾರು ಬಂದರು ಅಂತ ಗುರುತು ಹಿಡಿಯಲು ಕಣ್ಣು ಕಿರಿದು ಮಾಡಿದ್ದರೋ ಏನೋ.

ತೀರ್ಪು ಬರುವಷ್ಟರಲ್ಲಿ ಇಲ್ಲಿ ಗುಡ್ಡಗಳೆಲ್ಲ ಹಸಿರಾಗಿ ಮತ್ತೆ ಒಣಗಿದ್ದವು. ಗಿರಣಿ ದಾರಿ ಊರಿನದೇ ಅಂತ ಆಯಿತು. ಇನ್ನೂ ಹಲವರು ಸಾಕ್ಷಿ ಹೇಳಿದ್ದರು, ನನ್ನೊಬ್ಬಳ ಮಾತಿನಿಂದ ಆದದ್ದಲ್ಲ. ಆದರೆ ಒಪ್ಪಿಗೆಯ ವಾದಕ್ಕೆ ಆಧಾರವಾಗಿದ್ದ ಮಗಳ ಆ ಎರಡು ಸಾಲು ನಿಲ್ಲಲಿಲ್ಲ ಅಂತ ತೀರ್ಪಿನಲ್ಲಿ ಬರೆದಿದ್ದರಂತೆ. ಟೀಚರಮ್ಮ ಗೇಟಿನ ಫೋಟೋ ಕಳಿಸಿದರು, ಬೀಗವಿಲ್ಲದ್ದು. ಮೊಮ್ಮಗನಿಗೆ ನಾನೇ ಬರೆದೆ, ನಿಮ್ಮ ಅಮ್ಮ ಹೇಗಿದ್ದಾರೆ ಅಂತ. ‘ದಾರಿಯ ಎರಡೂ ಕಡೆ ಬೇಲಿ ಹಾಕಿಸಿದ್ದೇವೆ. ಕುರಿಗಳು ಒಳಗಿವೆ’ ಅಂತ ಬರೆದ. ಕೋಪವಿದೆಯೋ ಇಲ್ಲವೋ ಆ ಎರಡು ವಾಕ್ಯದಿಂದ ತಿಳಿಯುವ ಹಾಗಿರಲಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಟೀಚರಮ್ಮನ ಸಂಘ ಆ ದಾರಿಯ ಇತಿಹಾಸವನ್ನು ಒಂದು ಚಿಕ್ಕ ಪುಸ್ತಕ ಮಾಡಲು ಹೊರಟಿತು, ನನಗೆ ಎರಡು ಪುಟ ಬರೆಯಲು ಹೇಳಿದರು. ಕನ್ನಡದಲ್ಲಿ ಬರೆದೆ, ಮಗಳು ಕೂತು ಒಂದೊಂದೇ ಪದ ಕೇಳುತ್ತಾ ಇಂಗ್ಲಿಷ್ ಮಾಡಿದಳು. ಅಚ್ಚಿಗೆ ಹೋಗುವ ಮುಂಚೆ ನೋಡಲು ವಾಪಸು ಕಳಿಸಿದಾಗ, ‘ನನ್ನನ್ನು ಕಳ್ಳಿ ಅಂದುಕೊಂಡಿದ್ದಾರೆ ಅನ್ನಿಸಿತು’ ಅನ್ನುವ ವಾಕ್ಯ ಇರಲಿಲ್ಲ. ಅದರ ಜಾಗದಲ್ಲಿ ‘ಮೊದಮೊದಲು ನನಗೆ ಸ್ವಲ್ಪ ಸಂಕೋಚವಿತ್ತು’ ಅಂತ ಇತ್ತು.

ಟೀಚರಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. “ವಿಚಾರಣೆಯಲ್ಲಿ ಈ ಮಾತು ನಿಮಗೆ ಬೇಕಾಗಿತ್ತು,” ಅಂದೆ.

ಅವರು ಕನ್ನಡಕ ತೆಗೆದರು. “ಊರಿನ ಹಿರಿಯರಿಗೆ ನೋವಾಗಬಹುದು ಅಂತ ಕಮಿಟಿಯವರು...”

“ಹಾಗಾದರೆ ಎರಡು ಪುಟವನ್ನೂ ತೆಗೆದುಬಿಡಿ. ನನಗೆ ಬೇಜಾರಿಲ್ಲ.”

“ಬೇಡ, ಬೇಡ. ಕೇಳಿ ಹೇಳ್ತೀನಿ.”

ಕೇಳಿ ಹೇಳಲು ಅವರು ಬಹಳ ದಿನ ತೆಗೆದುಕೊಂಡರು. ಆಮೇಲೆ, ಆಗಲಿ, ನೀವು ಬರೆದ ಹಾಗೇ ಇರುತ್ತದೆ ಅಂತ ಬಂತು.

ಪುಸ್ತಕ ಅಂಚೆಯಲ್ಲಿ ಬಂದ ದಿನ ಬಾಗಿಲಲ್ಲೇ ನಿಂತು ಕವರು ಹರಿದೆ. ಮೊದಲು ಆ ಪುಟ ತೆಗೆದೆ. ವಾಕ್ಯ ಇತ್ತು, ಬರೆದ ಹಾಗೇ.

“ಇದೆಯಾ?” ಅಂತ ಒಳಗಿನಿಂದ ಯಜಮಾನರು ಕೇಳಿದರು.

“ಇದೆ,” ಅಂದೆ. ಆದರೂ ಕನ್ನಡಕ ತರಿಸಿಕೊಂಡು, ಬೇರೆಲ್ಲಾದರೂ ಕೈ ಹಾಕಿದ್ದಾರಾ ಅಂತ ಎರಡೂ ಪುಟವನ್ನು ಮೊದಲಿನಿಂದ ಓದಲು ಶುರು ಮಾಡಿದೆ.